ಹರಿಗೋಲು: ಅಲಂಪುರ–ಗದ್ವಾಲ–ಮಕ್ತಲ್ ಸೀಮೆಯಲ್ಲಿ ದೋಣಿಯನ್ನು ನೀರಿಗಿಳಿಸುವ ಬಗೆ ಮತ್ತು ತೇಲುವಿಕೆ

ಹರಿಗೋಲು: ಬಿದಿರಿನ ಹೆಣಿಗೆಗೆ ಹೊರಗಿನಿಂದ ಹೊದಿಕೆ ಬಿಗಿದು ಮಾಡಿದ, ದುಂಡನೆಯ ಅಗಲ ತಳದ ದೋಣಿ. ಕೃಷ್ಣಾ, ಭೀಮಾ, ತುಂಗಭದ್ರಾ ನದಿಗಳ ದಂಡೆಯ ಜನ ಶತಮಾನಗಳಿಂದ ಹೊಳೆ ದಾಟಲು, ಮೀನು ಹಿಡಿಯಲು, ದವಸ ಮತ್ತು ದನಕರು ಸಾಗಿಸಲು ಇದನ್ನು ಬಳಸುತ್ತ ಬಂದಿದ್ದಾರೆ. ರಾಯಚೂರು ಕಡೆ ಹರಿಗೋಲು, ಹರಗೋಲು, ತೆಪ್ಪ ಎಂದೂ ತೆಲಂಗಾಣದ ಗದ್ವಾಲ, ಮಕ್ತಲ್, ಆತ್ಮಕೂರು ಕಡೆ ಪುಟ್ಟಿ ಎಂದೂ ಕರೆಯುತ್ತಾರೆ. ಯಾವುದೇ ದೋಣಿಗೆ ಎರಡು ಪರೀಕ್ಷೆಗಳುಂಟು. ನೆಲದ ಮೇಲೆ ಅದನ್ನು ಸಾಗಿಸಲು ಬರಬೇಕು, ನೀರಿನಲ್ಲಿ ಅದು ಭಾರ ಹೊರಬೇಕು. ಇವೆರಡೂ ಸಂಧಿಸುವ ಜಾಗವೇ ದಂಡೆ. ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ಕಾರಿನ ಹಿಂದೆ ಕಟ್ಟಿದ ಅಲ್ಯೂಮಿನಿಯಂ ಟ್ರೇಲರಿನಲ್ಲಿ ದೋಣಿಯನ್ನು ತಂದು ಕಾಂಕ್ರೀಟ್ ಇಳಿಜಾರಿನ ಮೇಲಿಂದ ನೀರಿಗೆ ಬಿಡುತ್ತಾರೆ. ಕೃಷ್ಣಾ–ತುಂಗಭದ್ರಾ ಸೀಮೆಯ ಅಂಬಿಗರು ಹರಿಗೋಲನ್ನು ಬೆನ್ನ ಮೇಲೆ ಹೊತ್ತು ತಂದು ಬಿಡುತ್ತಾರೆ. ಎರಡೂ ಕಡೆ ಎದುರಾಗುವ ಭೌತಶಾಸ್ತ್ರ ಒಂದೇ, ಪರಿಹಾರಗಳು ಬೇರೆ.

ನದಿ ಮತ್ತು ನೆಲ

ಪಶ್ಚಿಮದಿಂದ ಹರಿದು ಬರುವ ಕೃಷ್ಣೆ ರಾಯಚೂರಿನ ಉತ್ತರಕ್ಕೆ ಭೀಮೆಯನ್ನು ಕೂಡಿಕೊಂಡು ತೆಲಂಗಾಣದ ನಾರಾಯಣಪೇಟೆ ಜಿಲ್ಲೆಯ ಅಂಚನ್ನು ಮುಟ್ಟುತ್ತದೆ. ಅಲ್ಲಿಂದ ಮಕ್ತಲ್ ಮತ್ತು ರಾಯಚೂರು ತಾಲ್ಲೂಕುಗಳ ನಡುವೆ ಗಡಿಯಾಗಿ ಹರಿದು, ಜೂರಾಲ ಜಲಾಶಯವನ್ನು ತುಂಬಿ, ಗದ್ವಾಲ ಮತ್ತು ಬೀಚುಪಲ್ಲಿಗಳನ್ನು ಹಾಯ್ದು ಪೂರ್ವಕ್ಕೆ ಸಾಗುತ್ತದೆ. ದಕ್ಷಿಣದಿಂದ ಮಂತ್ರಾಲಯ, ರಾಜೋಳಿ, ಕರ್ನೂಲುಗಳ ಮೇಲೆ ಬರುವ ತುಂಗಭದ್ರೆ ಅಲಂಪುರವನ್ನು ಎಡದಂಡೆಯಲ್ಲಿ ಬಿಟ್ಟು ಸ್ವಲ್ಪ ದೂರದಲ್ಲೇ ಕೃಷ್ಣೆಯನ್ನು ಸೇರುತ್ತದೆ. ಎರಡು ನದಿಗಳ ನಡುವಿನ ನೆಲ ಇತಿಹಾಸದಲ್ಲಿ ರಾಯಚೂರು ದೋಆಬ್ ಎಂದು ಹೆಸರಾಗಿದೆ. ಅದರ ಮೂಡಣ ತುದಿಯೇ ಅಲಂಪುರ. ಗದ್ವಾಲ–ಅಲಂಪುರ ಭಾಗವನ್ನು ಅಲ್ಲಿನ ಜನ ಇಂದಿಗೂ ನಡಿಗಡ್ಡ ಎನ್ನುತ್ತಾರೆ.

ಈ ಸೀಮೆಗೆ ಕನ್ನಡದ ನಂಟು ಹಳೆಯದು. 7–8ನೆಯ ಶತಮಾನಗಳಲ್ಲಿ ಬಾದಾಮಿ ಚಾಲುಕ್ಯರು ಅಲಂಪುರದ ನವಬ್ರಹ್ಮ ದೇವಾಲಯಗಳನ್ನು ಕಟ್ಟಿಸಿದರು. ಅಲ್ಲಿನ ಶಾಸನಗಳಲ್ಲಿ ಸಂಸ್ಕೃತ, ತೆಲುಗುಗಳ ಜೊತೆ ಕನ್ನಡವೂ ಇದೆ. ಅಲಂಪುರ ಮತ್ತು ಗದ್ವಾಲ ತಾಲ್ಲೂಕುಗಳು 1956ರವರೆಗೆ ಹೈದರಾಬಾದ್ ರಾಜ್ಯದ ರಾಯಚೂರು ಜಿಲ್ಲೆಯಲ್ಲಿದ್ದವು. ಆ ವರ್ಷದ ರಾಜ್ಯ ಪುನರ್ವಿಂಗಡಣೆಯಲ್ಲಿ ರಾಯಚೂರು ಮೈಸೂರು ರಾಜ್ಯಕ್ಕೆ ಬಂದರೆ, ಈ ಎರಡು ತಾಲ್ಲೂಕುಗಳು ಆಂಧ್ರಪ್ರದೇಶದ ಮಹಬೂಬ್‌ನಗರ ಜಿಲ್ಲೆಗೆ ಹೋದವು. ತೆಲಂಗಾಣ ಬೇರೆ ರಾಜ್ಯವಾದ ಮೇಲೆ 2016ರಲ್ಲಿ ಜೋಗುಳಾಂಬ ಗದ್ವಾಲ ಜಿಲ್ಲೆಯೂ 2019ರಲ್ಲಿ ನಾರಾಯಣಪೇಟೆ ಜಿಲ್ಲೆಯೂ ರಚನೆಯಾದವು. ಕೃಷ್ಣಾ ಮತ್ತು ಮಕ್ತಲ್ ಮಂಡಲಗಳ ಗಡಿ ಹಳ್ಳಿಗಳಲ್ಲಿ ಕನ್ನಡ ಮನೆಮಾತಾಗಿ ಉಳಿದಿದೆ. ಹೊಳೆಯ ಆಚೆ ದಂಡೆ ಬೇರೆ ರಾಜ್ಯವಾದರೂ ಬೀಗತನ, ಸಂತೆ, ಜಾತ್ರೆ, ಹೊಲಗಳ ಕೊಡುಕೊಳು ನಿಲ್ಲಲಿಲ್ಲ. ಆ ಕೊಡುಕೊಳುವಿನ ವಾಹನ ಬಹುಕಾಲ ಹರಿಗೋಲೇ ಆಗಿತ್ತು.

ನದಿಯ ಸ್ವಭಾವವೂ ಹರಿಗೋಲಿಗೆ ಹೊಂದುವಂಥದು. ಇಲ್ಲಿ ಕೃಷ್ಣೆ ಕಲ್ಲುಹಾಸಿನ ಮೇಲೆ ಅಗಲವಾಗಿ ಹರಡಿ ಹರಿಯುತ್ತದೆ. ಬೇಸಿಗೆಯಲ್ಲಿ ಬಂಡೆ, ಮರಳದಿನ್ನೆ, ಮಡುಗಳ ನಡುವೆ ಹಲವು ಕವಲಾಗುತ್ತದೆ. ಮಳೆಗಾಲದಲ್ಲಿ ಅದೇ ಪಾತ್ರ ದಂಡೆಯಿಂದ ದಂಡೆಗೆ ತುಂಬಿ ಸೆಳವು ಬಲವಾಗುತ್ತದೆ. ಆಳವಾದ ಅಡಿಗಟ್ಟಿನ ಮರದ ದೋಣಿ ಕಲ್ಲಿಗೆ ತಾಗಿ ಒಡೆಯುವಲ್ಲಿ, ಒಂದು ಗೇಣು ನೀರಿದ್ದರೂ ತೇಲುವ ಹರಿಗೋಲು ಸಲೀಸಾಗಿ ದಾಟುತ್ತದೆ.

ಇತಿಹಾಸ

ಸುಮಾರು 1520ರ ಹೊತ್ತಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಆನೆಗೊಂದಿಯ ಬಳಿ ತುಂಗಭದ್ರೆ ದಾಟಿಸುವ ಬುಟ್ಟಿದೋಣಿಗಳನ್ನು ವರ್ಣಿಸಿದ್ದಾನೆ. ಬೆತ್ತದ ಹೆಣಿಗೆ, ಹೊರಗೆ ಚರ್ಮದ ಹೊದಿಕೆ, ಹದಿನೈದು ಇಪ್ಪತ್ತು ಜನ ಹಿಡಿಯುವ ಗಾತ್ರ, ಹುಟ್ಟು ಹಾಕಿದಾಗ ನೇರ ಸಾಗದೆ ಗಿರಗಿರನೆ ಸುತ್ತುವ ಗುಣ, ಇವಿಷ್ಟನ್ನೂ ಆತ ಗಮನಿಸಿದ್ದಾನೆ. ಅಗತ್ಯ ಬಿದ್ದರೆ ಕುದುರೆ, ಎತ್ತುಗಳನ್ನೂ ಅದರಲ್ಲಿ ದಾಟಿಸುತ್ತಿದ್ದರಂತೆ. ರಾಜ್ಯದ ಹೊಳೆಗಳಲ್ಲೆಲ್ಲ ಇವೇ ದೋಣಿಗಳೆಂದೂ ಬರೆದಿದ್ದಾನೆ. ಇಂದು ಅದೇ ಹೊಳೆಯಲ್ಲಿ ಹರಿಗೋಲು ನೋಡಿದವರಿಗೆ ಈ ವರ್ಣನೆಯಲ್ಲಿ ಹೆಣಿಗೆ, ಹೊದಿಕೆಗಳ ವಸ್ತು ಬಿಟ್ಟು ಹೆಚ್ಚೇನೂ ಬದಲಾಗಿಲ್ಲವೆಂದು ತಿಳಿಯುತ್ತದೆ.

ದೋಆಬ್‌ಗಾಗಿ ನಡೆದ ಯುದ್ಧಗಳಲ್ಲಿ ಸೈನ್ಯ ಹೊಳೆ ದಾಟುವ ಪ್ರಶ್ನೆ ಯಾವಾಗಲೂ ಮುಖ್ಯವಾಗಿತ್ತು. ಬ್ರಿಟಿಷ್ ಸೇನಾನಿ ಆರ್ಥರ್ ವೆಲ್ಲೆಸ್ಲಿ 1800ರಲ್ಲಿ ಬಂಡುಕೋರ ಧೋಂಡಿಯ ವಾಘನನ್ನು ಬೆನ್ನಟ್ಟಿದಾಗ ತುಂಬಿದ ತುಂಗಭದ್ರೆಯನ್ನು ದಾಟಲು ಬುಟ್ಟಿದೋಣಿಗಳನ್ನೇ ನಂಬಬೇಕಾಯಿತು. 1803ರ ಮರಾಠಾ ಯುದ್ಧದ ಹೊತ್ತಿಗೂ ದಖ್ಖನಿನ ನದಿಗಳಿಗಾಗಿ ಇಂಥ ದೋಣಿಗಳನ್ನು ಮಾಡಿಸಿಟ್ಟುಕೊಂಡ. ಭಾರದ ಮರದ ದೋಣಿಗಳನ್ನು ಎತ್ತಿನ ಬಂಡಿಯಲ್ಲಿ ನೂರಾರು ಮೈಲಿ ಎಳೆಸುವುದಕ್ಕಿಂತ ಬಿದಿರು, ತೊಗಲು ಹೊಂದಿಸಿ ನದಿಯ ಹತ್ತಿರವೇ ದೋಣಿ ಕಟ್ಟಿಕೊಳ್ಳುವುದು ಲೇಸು ಎಂಬ ಸೈನ್ಯದ ಲೆಕ್ಕ ಇದರ ಹಿಂದಿತ್ತು.

ಇದೇ ಲೆಕ್ಕದ ಬಹು ಹಳೆಯ ಉದಾಹರಣೆ ಮೆಸೊಪೊಟೇಮಿಯದಲ್ಲಿದೆ. ಗ್ರೀಕ್ ಇತಿಹಾಸಕಾರ ಹೆರೊಡೋಟಸ್, ಕ್ರಿಸ್ತಪೂರ್ವ 5ನೆಯ ಶತಮಾನದಲ್ಲಿ, ಆರ್ಮೇನಿಯದಿಂದ ಬ್ಯಾಬಿಲೋನಿಗೆ ತೇಲಿಬರುವ ದುಂಡು ತೊಗಲು ದೋಣಿಗಳನ್ನು ವಿವರಿಸಿದ್ದಾನೆ. ಪ್ರತಿ ದೋಣಿಯಲ್ಲೂ ಒಂದು ಕತ್ತೆ ಇರುತ್ತಿತ್ತು. ಸರಕು ಮಾರಿದ ಮೇಲೆ ದೋಣಿ ಬಿಚ್ಚಿ, ಹಂದರವನ್ನು ಮಾರಿ, ತೊಗಲನ್ನು ಕತ್ತೆಯ ಮೇಲೆ ಹೇರಿ ವ್ಯಾಪಾರಿಗಳು ನೆಲದ ಹಾದಿಯಲ್ಲಿ ಮರಳುತ್ತಿದ್ದರು. ಸೆಳವಿಗೆ ಎದುರಾಗಿ ದೋಣಿ ನಡೆಸಲು ಆಗುತ್ತಿರಲಿಲ್ಲ. ದೋಣಿಯನ್ನು ನೆಲದ ಮೇಲೆ ಸಾಗಿಸುವ ವ್ಯವಸ್ಥೆಯೂ ದೋಣಿಯ ವಿನ್ಯಾಸದ ಭಾಗ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಡ. ಬಾಗ್ದಾದಿನ ರಾಳ ಬಳಿದ ಗುಫ್ಫಾ, ವೇಲ್ಸ್ ದೇಶದ ಬೆಸ್ತರು ಪಟ್ಟಿ ಹಾಕಿ ಬೆನ್ನಿಗೇರಿಸಿಕೊಳ್ಳುವ ಪುಟ್ಟ ದೋಣಿ ಇವೆಲ್ಲ ಇದೇ ಬಳಗದವು. ಮದ್ರಾಸ್ ಸರ್ಕಾರದ ಮೀನುಗಾರಿಕೆ ಇಲಾಖೆಯ ನಿರ್ದೇಶಕನಾಗಿದ್ದ ಜೇಮ್ಸ್ ಹಾರ್ನೆಲ್ ಇವುಗಳನ್ನು ದಕ್ಷಿಣ ಭಾರತದ ಹರಿಗೋಲುಗಳೊಂದಿಗೆ ಹೋಲಿಸಿ ಅಧ್ಯಯನ ಮಾಡಿದ್ದಾನೆ.

ಕನ್ನಡ ನಾಡಿನಲ್ಲಿ ದೋಣಿ ನಡೆಸುವ ಕಸುಬು ಅಂಬಿಗ, ಬೆಸ್ತ, ಕಬ್ಬಲಿಗ, ಗಂಗಾಮತ ಎಂಬ ಹೆಸರುಗಳ ಸಮುದಾಯಗಳದು. 12ನೆಯ ಶತಮಾನದ ವಚನಕಾರ ಅಂಬಿಗರ ಚೌಡಯ್ಯ ತನ್ನ ಕಸುಬನ್ನೇ ಅಂಕಿತದಲ್ಲಿ ಉಳಿಸಿಕೊಂಡವನು.

ರಚನೆ

ಹರಿಗೋಲು ಕಟ್ಟಲು ಬಲಿತ ಬಿದಿರನ್ನು ಸೀಳಿ ದಬ್ಬೆ ಮಾಡಿಕೊಳ್ಳುತ್ತಾರೆ. ಮಟ್ಟಸವಾದ ನೆಲದ ಮೇಲೆ ದಬ್ಬೆಗಳನ್ನು ಒಂದರ ಮೇಲೊಂದು ಹಾಯಿಸಿ ತಳ ಹೆಣೆಯುತ್ತಾರೆ. ತಳ ಚಪ್ಪಟೆಯಾಗಿ ನಿಲ್ಲಲೆಂದು ಮೇಲೆ ಕಲ್ಲು ಹೇರಿ, ಹೊರಚಾಚಿದ ತುದಿಗಳನ್ನು ಮೇಲಕ್ಕೆ ಬಗ್ಗಿಸಿ ಗೋಡೆ ಎಬ್ಬಿಸುತ್ತಾರೆ. ಬಾಯಿಯ ಸುತ್ತ ಹಲವು ದಬ್ಬೆಗಳನ್ನು ಸೇರಿಸಿ ಬಿಗಿದ ದಪ್ಪ ಅಂಚು ಇಡೀ ಹೆಣಿಗೆಯ ಬಲ. ದೋಣಿ ಕಲ್ಲಿಗೆ ಬಡಿದಾಗ ಈ ಅಂಚು ಸ್ವಲ್ಪ ಬಾಗಿ ಪೆಟ್ಟನ್ನು ಸುತ್ತಲೂ ಹಂಚುತ್ತದೆ.

ಹೊದಿಕೆಗೆ ಹಿಂದೆ ಎಮ್ಮೆ, ಎತ್ತುಗಳ ತೊಗಲು ಬಳಸುತ್ತಿದ್ದರು. ತೊಗಲು ನೆನೆದರೆ ಮೆತ್ತಗಾಗಿ ಭಾರವಾಗುತ್ತದೆ, ಒಣಗದಿದ್ದರೆ ಕೊಳೆಯುತ್ತದೆ. ಆದ್ದರಿಂದ ದಿನದ ಕೆಲಸ ಮುಗಿದೊಡನೆ ದೋಣಿಯನ್ನು ಮೇಲೆತ್ತಿ ಬೋರಲು ಹಾಕುವುದು ಕಡ್ಡಾಯವಾಗಿತ್ತು. ಕಳೆದ ಕೆಲವು ದಶಕಗಳಲ್ಲಿ ಪ್ಲಾಸ್ಟಿಕ್ ಚೀಲ, ತಾಡಪಾಲುಗಳನ್ನು ಹೊಲಿದು ಬಿಗಿದು ಮೇಲೆ ಡಾಂಬರು ಬಳಿಯುವುದು ರೂಢಿಗೆ ಬಂತು. ಫೈಬರಿನ ದುಂಡು ದೋಣಿಗಳೂ ಬಂದಿವೆ. ಹೊದಿಕೆ ಬದಲಾದರೂ ದೋಣಿಯನ್ನು ಮೇಲೆತ್ತಿ ಬೋರಲು ಹಾಕುವ ಪದ್ಧತಿ ಬದಲಾಗಿಲ್ಲ. ಬಿದಿರು ಒಣಗಬೇಕು, ಒಳಗೆ ಸೇರಿದ ನೀರು ಇಳಿಯಬೇಕು, ರಾತ್ರಿ ನೀರು ಏರಿದರೆ ದೋಣಿ ಕೊಚ್ಚಿಹೋಗಬಾರದು.

ನೀರಿಗಿಳಿಸುವ ಕ್ರಮ

ಚಿಕ್ಕ ಮೀನುಗಾರಿಕೆ ಹರಿಗೋಲನ್ನು ಒಬ್ಬನೇ ಅಂಬಿಗ ಬೋರಲಾಗಿ ಎತ್ತಿ ತಲೆ–ಬೆನ್ನಿನ ಮೇಲೆ ಇಟ್ಟುಕೊಂಡು ನಡೆಯುತ್ತಾನೆ. ಹುಟ್ಟು ಒಳಗಿನಿಂದ ಆಸರೆಯಾಗಿ ನಿಲ್ಲುತ್ತದೆ. ಜನ ದಾಟಿಸುವ ದೊಡ್ಡ ಹರಿಗೋಲಿಗೆ ಇನ್ನಿಬ್ಬರು ಕೈಹಚ್ಚಬೇಕು, ಇಲ್ಲವೇ ಅಂಚಿನ ಮೇಲೆ ನಿಲ್ಲಿಸಿ ಗಾಲಿಯಂತೆ ಉರುಳಿಸಬೇಕು. ರಸ್ತೆ ಬೇಡ, ಕಟ್ಟೆ ಬೇಡ. ಕಾಲುದಾರಿ ಇದ್ದರೆ ಸಾಕು.

ದಂಡೆ ತಲುಪಿದ ಮೇಲಿನ ಕ್ರಮ ಗಮನಿಸುವಂಥದು. ಅಂಬಿಗ ದೋಣಿಯನ್ನು ನೀರಿನ ಅಂಚಿನಲ್ಲೇ ಇಟ್ಟು ಜನರನ್ನು ಹತ್ತಿಸುವುದಿಲ್ಲ. ಮೊಣಕಾಲುದ್ದ ನೀರಿಗೆ ತಳ್ಳಿಕೊಂಡು ಹೋಗಿ, ತಳ ನೆಲ ಬಿಟ್ಟಿದೆಯೇ ಎಂದು ಅಂಚು ಹಿಡಿದು ಅಲ್ಲಾಡಿಸಿ ನೋಡುತ್ತಾನೆ. ತಳ ನೆಲಕ್ಕೆ ಕೂತಿರುವಾಗ ಭಾರ ಹೇರಿದರೆ ಕೆಳಗಿನ ಕಲ್ಲು ಹೊದಿಕೆಯನ್ನು ಸೀಳುತ್ತದೆ. ಕೆಸರಿನಲ್ಲಾದರೆ ಇನ್ನೊಂದು ತೊಡಕು: ತಳ ಕೆಸರಿಗೆ ಅಂಟಿಕೊಂಡಾಗ ಅದರ ಅಡಿಗೆ ನೀರು ನುಗ್ಗುವುದಿಲ್ಲ, ನೀರು ಒತ್ತದೆ ತೇಲುವಿಕೆ ಇಲ್ಲ. ಹೀಗಾದಾಗ ದೋಣಿಯನ್ನು ಎಳೆಯುವುದಕ್ಕಿಂತ ಅಂಚು ಒತ್ತಿ ಅತ್ತಿತ್ತ ಓಲಾಡಿಸಬೇಕು. ಅಡಿಗೆ ನೀರು ಸೇರಿದ ಕ್ಷಣ ದೋಣಿ ಏಳುತ್ತದೆ.

ಹತ್ತುವವರು ಅಂಚಿನ ಮೇಲೆ ಕಾಲಿಡದೆ ನೇರವಾಗಿ ತಳದ ನಡುವಿಗೆ ಹೆಜ್ಜೆ ಇಡಬೇಕು. ಭಾರದ ಸಾಮಾನು, ಬೈಕು ಇದ್ದರೆ ಮೊದಲು ನಡುವೆ. ಜನ ಸುತ್ತಲೂ ಸಮನಾಗಿ ಕುಳಿತುಕೊಳ್ಳಬೇಕು, ನಿಲ್ಲಬಾರದು. ಅಂಬಿಗ ಕೊನೆಗೆ ಹತ್ತಿ ಮುಂದಿನ ಅಂಚಿನಲ್ಲಿ ಹುಟ್ಟು ಹಾಕುತ್ತಾನೆ. ಆಳ ಕಡಿಮೆ ಇರುವೆಡೆ ಬಿದಿರ ಗಳ ಊರುತ್ತಾನೆ. ಸೆಳವಿರುವಾಗ ತಲುಪಬೇಕಾದ ಜಾಗಕ್ಕಿಂತ ಸಾಕಷ್ಟು ಮೇಲಿನಿಂದ ಹೊರಡುತ್ತಾನೆ. ಹೊಳೆ ಕೆಳಕ್ಕೆ ಒಯ್ಯುವಷ್ಟನ್ನು ಮೊದಲೇ ಲೆಕ್ಕ ಹಾಕಿರುತ್ತಾನೆ.

ತೇಲುವಿಕೆಯ ಲೆಕ್ಕ

ಆರ್ಕಿಮಿಡೀಸ್ ತತ್ವದಂತೆ, ನೀರಿನಲ್ಲಿರುವ ವಸ್ತುವನ್ನು ಅದು ಪಕ್ಕಕ್ಕೆ ತಳ್ಳಿದ ನೀರಿನ ತೂಕದಷ್ಟು ಬಲ ಮೇಲಕ್ಕೆ ಒತ್ತುತ್ತದೆ. ಇದೇ ಪ್ಲವನ ಬಲ. 1 ಘನ ಮೀಟರ್ ಸಿಹಿನೀರಿನ ತೂಕ 1,000 ಕಿಲೊ. ಸಮುದ್ರದ ನೀರು ಸುಮಾರು 1,025 ಕಿಲೊ ತೂಗುವುದರಿಂದ ಅದೇ ದೋಣಿ ಹೊಳೆಗಿಂತ ಕಡಲಿನಲ್ಲಿ ತುಸು ಮೇಲೆ ತೇಲುತ್ತದೆ.

ಹರಿಗೋಲಿನ ಗುಟ್ಟು ಅದರ ಅಗಲದಲ್ಲಿದೆ. ಉದಾಹರಣೆಗೆ 2.4 ಮೀಟರ್ ವ್ಯಾಸ, 55 ಸೆಂಟಿಮೀಟರ್ ಎತ್ತರದ ಗೋಡೆ, ಚಪ್ಪಟೆ ತಳ ಇರುವ ದೋಣಿಯೊಂದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಹುದು. ಅದರ ತಳದ ವಿಸ್ತೀರ್ಣ ಸುಮಾರು 4.5 ಚದರ ಮೀಟರ್. ಎಂದರೆ ದೋಣಿ ಒಂದು ಸೆಂಟಿಮೀಟರ್ ಮುಳುಗಲು 45 ಕಿಲೊ ಭಾರ ಬೇಕು. 60 ಕಿಲೊ ತೂಕದ ಒಬ್ಬ ವ್ಯಕ್ತಿ ಹತ್ತಿದರೆ ಅದು 1.3 ಸೆಂಟಿಮೀಟರ್ ಮಾತ್ರ ಇಳಿಯುತ್ತದೆ. 50 ಕಿಲೊದ ಹತ್ತು ಚೀಲ ಗೊಬ್ಬರ ಹೇರಿದರೆ 11 ಸೆಂಟಿಮೀಟರ್. ಇಷ್ಟು ನಿಧಾನವಾಗಿ ಇಳಿಯುವುದರಿಂದಲೇ ಇನ್ನೊಬ್ಬರು ಹತ್ತಬಹುದೆಂಬ ಧೈರ್ಯ ಬರುತ್ತದೆ. ಅಪಾಯ ಅಲ್ಲೇ ಅಡಗಿದೆ.

ದೋಣಿ ಎಷ್ಟು ಇಳಿದಿದೆ ಎಂಬುದಷ್ಟೇ ಮುಖ್ಯವಲ್ಲ, ಒಂದು ಬದಿಗೆ ಭಾರ ಬಿದ್ದಾಗ ಎಷ್ಟು ವಾಲುತ್ತದೆ ಎಂಬುದೂ ಮುಖ್ಯ. ಮೇಲಿನ ದೋಣಿಯ ಒಟ್ಟು ತೂಕ ಜನರೂ ಸೇರಿ 600 ಕಿಲೊ ಇದ್ದರೆ ಅದು 13 ಸೆಂಟಿಮೀಟರ್ ಮುಳುಗಿ ತೇಲುತ್ತದೆ. ಒಟ್ಟು ಭಾರದ ಕೇಂದ್ರ ತಳದಿಂದ ಅರ್ಧ ಮೀಟರ್ ಎತ್ತರದಲ್ಲಿದೆ ಎಂದುಕೊಳ್ಳೋಣ. ಗಾಬರಿಯಲ್ಲಿ ನಾಲ್ಕು ಜನ ನಡುವಿನಿಂದ ಒಂದು ಮೀಟರ್ ದೂರ, ಒಂದೇ ಬದಿಗೆ ಸರಿದರೆ ಆ ಬದಿಯ ಅಂಚು ಇನ್ನೂ 21 ಸೆಂಟಿಮೀಟರ್ ಇಳಿಯುತ್ತದೆ. ನೀರಿನ ಮೇಲೆ ಇನ್ನೂ 20 ಸೆಂಟಿಮೀಟರ್ ಗೋಡೆ ಉಳಿದಿರುತ್ತದೆ. ಈಗ ಒಟ್ಟು ತೂಕವನ್ನು 1,200 ಕಿಲೊಗೆ ಏರಿಸಿ. ದೋಣಿ 26 ಸೆಂಟಿಮೀಟರ್ ಮುಳುಗುತ್ತದೆ, ಅರ್ಧಕ್ಕಿಂತ ಹೆಚ್ಚು ಗೋಡೆ ನೀರಿನ ಮೇಲೇ ಕಾಣುತ್ತದೆ. ಆದರೆ ಅದೇ ನಾಲ್ವರು ಅಷ್ಟೇ ಸರಿದರೆ ಅಂಚು ಇನ್ನೂ 24 ಸೆಂಟಿಮೀಟರ್ ಇಳಿದು, ಉಳಿಯುವುದು ನಾಲ್ಕು ಸೆಂಟಿಮೀಟರ್. ಐದನೆಯವನು ಕದಲಿದರೆ ಅಥವಾ ಒಂದು ಅಲೆ ಬಡಿದರೆ ನೀರು ಒಳನುಗ್ಗುತ್ತದೆ. ಒಮ್ಮೆ ನುಗ್ಗಿದ ನೀರು ವಾಲಿದ ಬದಿಗೇ ಹರಿದು ವಾಲಿಕೆಯನ್ನು ಹೆಚ್ಚಿಸುತ್ತದೆ. ಜನ ಎದ್ದು ನಿಂತರೆ ಭಾರದ ಕೇಂದ್ರ ಮೇಲೇರಿ ಲೆಕ್ಕ ಇನ್ನೂ ಕೆಡುತ್ತದೆ. ಅಂಬಿಗರು ಕುಳಿತುಕೊಳ್ಳಿ, ಕದಲಬೇಡಿ ಎಂದು ಗದರುವುದರ ಹಿಂದೆ ಇರುವ ವಿಜ್ಞಾನ ಇದು.

ಬಿದಿರು ನೀರಿಗಿಂತ ಹಗುರ. ಆದ್ದರಿಂದ ನೀರು ತುಂಬಿದ ಹರಿಗೋಲಿನ ಹಂದರ ತಳಕ್ಕೆ ಹೋಗದೆ ತೇಲುತ್ತಿರುತ್ತದೆ, ಹಿಡಿದುಕೊಂಡವರಿಗೆ ಆಸರೆಯಾಗುತ್ತದೆ. ಅಲ್ಯೂಮಿನಿಯಂ ಅಥವಾ ಫೈಬರ್ ದೋಣಿಗೆ ಈ ಗುಣ ತಾನಾಗಿ ಬರುವುದಿಲ್ಲ. ಅಮೆರಿಕದಲ್ಲಿ 20 ಅಡಿಗಿಂತ ಚಿಕ್ಕ ಬಹುತೇಕ ದೋಣಿಗಳು ನೀರು ತುಂಬಿದರೂ ತೇಲುವಂತಿರಬೇಕೆಂಬ ನಿಯಮ ಬಂದದ್ದು ಇದಕ್ಕಾಗಿಯೇ.

ಟ್ರೇಲರ್ ಮತ್ತು ರ‍್ಯಾಂಪ್

ಎಂಜಿನ್ ಕೂಡಿಸಿದ ದೋಣಿ ನೂರಾರು ಕಿಲೊ ತೂಗುತ್ತದೆ, ಹೊರಲಾಗದು. ಅದನ್ನು ಗಾಲಿಗಳ ಮೇಲೆ ತಂದು, ಗಾಲಿ ಸಮೇತ ನೀರಿಗಿಳಿಸಿ, ದೋಣಿ ತೇಲಿದ ಮೇಲೆ ಗಾಲಿಗಳನ್ನು ಹಿಂದಕ್ಕೆ ಎಳೆದುಕೊಳ್ಳುವುದು ಟ್ರೇಲರಿನ ತಂತ್ರ. ಇದಕ್ಕಾಗಿ ಕಟ್ಟುವ ಇಳಿಜಾರುಗಳ ವಾಟ ಸಾಮಾನ್ಯವಾಗಿ ನೂರಕ್ಕೆ 12ರಿಂದ 15. ಇದಕ್ಕಿಂತ ಕಡಿಮೆಯಾದರೆ ದೋಣಿ ತೇಲುವಷ್ಟು ಆಳ ಸಿಗುವ ಮೊದಲೇ ಎಳೆಯುವ ವಾಹನ ನೀರಿಗಿಳಿಯುತ್ತದೆ. ಹೆಚ್ಚಾದರೆ ಪಾಚಿಗಟ್ಟಿದ ಕಾಂಕ್ರೀಟಿನ ಮೇಲೆ ವಾಹನ ಹಿಡಿತ ಕಳೆದುಕೊಳ್ಳುತ್ತದೆ.

ಟ್ರೇಲರಿನ ಚೌಕಟ್ಟಿಗೆ ಎರಡು ಲೋಹಗಳು ಬಳಕೆಯಲ್ಲಿವೆ: ಸತುವಿನ ಲೇಪ ಕೊಟ್ಟ ಉಕ್ಕು ಮತ್ತು ಅಲ್ಯೂಮಿನಿಯಂ. ಅಲ್ಯೂಮಿನಿಯಂ ಹಗುರ, ತುಕ್ಕು ಹಿಡಿಯದು. ಆದರೆ ಅದರ ಹಗುರತನ ನೀರಿನಲ್ಲಿ ಇನ್ನೊಂದು ರೂಪ ತಾಳುತ್ತದೆ. ಉಕ್ಕಿನ ಸಾಂದ್ರತೆ ನೀರಿನ ಸುಮಾರು 7.85 ಪಟ್ಟು, ಅಲ್ಯೂಮಿನಿಯಮ್ಮಿನದು 2.7 ಪಟ್ಟು. ಹೀಗಾಗಿ ಮುಳುಗಿದ ಉಕ್ಕು ತನ್ನ ತೂಕದ ನೂರಕ್ಕೆ 13ರಷ್ಟನ್ನು ಕಳೆದುಕೊಂಡರೆ, ಅಲ್ಯೂಮಿನಿಯಂ 37ರಷ್ಟನ್ನು ಕಳೆದುಕೊಳ್ಳುತ್ತದೆ. 100 ಕಿಲೊ ಅಲ್ಯೂಮಿನಿಯಂ ಚೌಕಟ್ಟು ನೀರಿನಲ್ಲಿ 63 ಕಿಲೊದಂತೆ ವರ್ತಿಸುತ್ತದೆ. ಇದಕ್ಕೆ ಗಾಳಿ ತುಂಬಿದ ಟಯರುಗಳೂ ಸೇರುತ್ತವೆ. ಸಾಧಾರಣ ಗಾತ್ರದ ಟ್ರೇಲರ್ ಟಯರು ಪೂರ್ತಿ ಮುಳುಗಿದಾಗ ಸುಮಾರು 40 ಲೀಟರ್ ನೀರನ್ನು ತಳ್ಳುತ್ತದೆ. ಗಾಲಿಯ ತೂಕ ಕಳೆದರೂ ಪ್ರತಿ ಗಾಲಿ 20 ಕಿಲೊದಷ್ಟು ಮೇಲಕ್ಕೆತ್ತುತ್ತದೆ. ನಾಲ್ಕು ಗಾಲಿಗಳಾದರೆ 80 ಕಿಲೊ. ಅಚ್ಚು, ಸ್ಪ್ರಿಂಗುಗಳ ಉಕ್ಕಿನ ಭಾರ ಇಲ್ಲದಿದ್ದರೆ ಟ್ರೇಲರು ದೋಣಿಯ ಜೊತೆಗೇ ತೇಲಿಬಿಡುವಂಥ ಲೆಕ್ಕ ಇದು. ಇದ್ದರೂ ಅದು ನೆಲದ ಮೇಲೆ ಬಹಳ ಹಗುರಾಗಿ ಕೂತಿರುತ್ತದೆ. ಗಾಳಿ ಅಥವಾ ಅಡ್ಡ ಸೆಳವು ಹೊಡೆದರೆ ಹಿಂಭಾಗ ಪಕ್ಕಕ್ಕೆ ಸರಿಯುತ್ತದೆ, ದೋಣಿಯನ್ನು ಮತ್ತೆ ಅದರ ಮೇಲೆ ನೇರವಾಗಿ ಕೂರಿಸುವುದು ಕಷ್ಟವಾಗುತ್ತದೆ.

ಅನುಭವಿಗಳು ಇದಕ್ಕೆ ಹಲವು ದಾರಿ ಕಂಡುಕೊಂಡಿದ್ದಾರೆ. ಟ್ರೇಲರನ್ನು ಬೇಕಾದದ್ದಕ್ಕಿಂತ ಆಳಕ್ಕೆ ಇಳಿಸುವುದಿಲ್ಲ. ಗಾಲಿಯ ಮೇಲಿನ ಮಡ್‌ಗಾರ್ಡ್ ಮುಳುಗುವ ಹೊತ್ತಿಗೆ ನಿಲ್ಲಿಸುತ್ತಾರೆ. ಟೊಳ್ಳು ಕೊಳವೆಗಳಿಗೆ ರಂಧ್ರ ಇರಿಸಿ ನೀರು ಒಳಹೊಕ್ಕು ಹೊರಹೋಗುವಂತೆ ಮಾಡುತ್ತಾರೆ. ಎರಡೂ ಬದಿಗೆ ನೆಟ್ಟಗಿನ ಕಂಬ ನಿಲ್ಲಿಸಿ ದೋಣಿ ನಡುವೆಯೇ ಬರುವಂತೆ ನೋಡಿಕೊಳ್ಳುತ್ತಾರೆ. ದೋಣಿ ತೇಲುವವರೆಗೂ ವಿಂಚಿನ ಪಟ್ಟಿ ಬಿಚ್ಚುವುದಿಲ್ಲ. ಅಲ್ಯೂಮಿನಿಯಂ ಚೌಕಟ್ಟಿಗೆ ಉಕ್ಕಿನ ಬೋಲ್ಟು ಹಾಕಿದಲ್ಲಿ ಎರಡು ಲೋಹಗಳ ನಡುವೆ ವಿದ್ಯುತ್‌ರಾಸಾಯನಿಕ ಸವೆತ ಉಂಟಾಗುತ್ತದೆ. ಉಪ್ಪುನೀರಿನಲ್ಲಿ ಇದು ಹೆಚ್ಚು, ಹೊಳೆ ನೀರಿನಲ್ಲಿ ಕಡಿಮೆ. ದೂರದ ಓಟದಿಂದ ಬಿಸಿಯಾದ ಗಾಲಿಯ ಹಬ್ಬನ್ನು ಕೂಡಲೇ ತಣ್ಣೀರಿಗೆ ಇಳಿಸಿದರೆ ಒಳಗಿನ ಗಾಳಿ ಕುಗ್ಗಿ ಬೇರಿಂಗಿಗೆ ನೀರು ಎಳೆದುಕೊಳ್ಳುತ್ತದೆ. ಹೀಗಾಗಿ ಸ್ವಲ್ಪ ಹೊತ್ತು ಆರಲು ಬಿಡುತ್ತಾರೆ.

ಅಣೆಕಟ್ಟುಗಳ ನಂತರದ ದಂಡೆ

ಅಲಂಪುರ ಸೀಮೆಯಲ್ಲಿ ಇಂಥ ಇಳಿಜಾರು ಕಟ್ಟುವವರು ಮೊದಲು ನೀರಿನ ಮಟ್ಟದ ಏರಿಳಿತವನ್ನು ನೋಡಬೇಕು. 1980ರ ದಶಕದ ಆರಂಭದಲ್ಲಿ ಶ್ರೀಶೈಲ ಜಲಾಶಯ ತುಂಬಿದಾಗ ಹಿನ್ನೀರು ಸಂಗಮದಾಚೆಗೂ ಹಬ್ಬಿತು. ಕೂಡವೆಲ್ಲಿಯ ಸಂಗಮೇಶ್ವರ ದೇವಾಲಯವನ್ನೂ ಪಾಪನಾಶಿ ಗುಂಪಿನ ದೇವಾಲಯಗಳನ್ನೂ ಕಲ್ಲು ಕಲ್ಲಾಗಿ ಬಿಚ್ಚಿ ತಂದು ಅಲಂಪುರದ ಬಳಿ ಮತ್ತೆ ಕಟ್ಟಲಾಯಿತು. ಅಲಂಪುರದ ದೇವಾಲಯಗಳಿಗೆ ಹಿನ್ನೀರಿನಿಂದ ರಕ್ಷಣೆಗೆಂದು ತಡೆಗೋಡೆ ಎದ್ದಿತು.

ಶ್ರೀಶೈಲ ಜಲಾಶಯದ ಪೂರ್ಣ ಮಟ್ಟ 885 ಅಡಿ. ಬೇಸಿಗೆಯಲ್ಲಿ ಅದು 854 ಅಡಿಗೂ ಕೆಳಗೆ ಇಳಿಯುವುದುಂಟು. ಈ 31 ಅಡಿ, ಎಂದರೆ ಸುಮಾರು 9.5 ಮೀಟರ್ ವ್ಯತ್ಯಾಸವನ್ನು 8 ಮೀಟರಿಗೆ 1 ಮೀಟರ್ ಇಳಿಯುವ ರ‍್ಯಾಂಪಿನಿಂದ ತುಂಬಲು ಸುಮಾರು 76 ಮೀಟರ್ ಉದ್ದದ ಕಾಂಕ್ರೀಟ್ ಬೇಕು. ದಂಡೆಯ ಸಹಜ ವಾಟ ಇನ್ನೂ ಮಂದವಾಗಿರುವಲ್ಲಿ ನೀರಿನ ಅಂಚು ನೂರಾರು ಮೀಟರ್ ಹಿಂದೆ ಸರಿದು ನಡುವೆ ಕೆಸರಿನ ಬಯಲು ಉಳಿಯುತ್ತದೆ. ಕೆಳದಿಕ್ಕಿನ ಸಪ್ತನದಿ ಸಂಗಮೇಶ್ವರ ದೇವಾಲಯ ಮಳೆಗಾಲದಲ್ಲಿ ಮುಳುಗಿ ಬೇಸಿಗೆಯಲ್ಲಿ ಮೇಲೇಳುವುದು ಈ ಏರಿಳಿತದ ಪ್ರಸಿದ್ಧ ಗುರುತು. ಟ್ರೇಲರು ಹುಗಿದುಹೋಗುವ ಈ ಕೆಸರಿನ ಮೇಲೂ ಬೆಸ್ತರು ಹರಿಗೋಲು ಹೊತ್ತು ನಡೆಯುತ್ತಾರೆ. ನೀರು ಎಲ್ಲಿಗೆ ಸರಿದಿದೆಯೋ ಅಲ್ಲಿಗೇ ದೋಣಿಯೂ ಹೋಗುತ್ತದೆ.

ಗದ್ವಾಲದ ಮೇಲೆ ಕೃಷ್ಣೆಗೆ ಕಟ್ಟಿದ ಪ್ರಿಯದರ್ಶಿನಿ ಜೂರಾಲ ಅಣೆಕಟ್ಟಿನ ಪೂರ್ಣ ಮಟ್ಟ 318.5 ಮೀಟರ್. ಇದರ ಹಿನ್ನೀರು ಮಕ್ತಲ್ ಮತ್ತು ರಾಯಚೂರು ಕಡೆಯ ದಂಡೆಗಳನ್ನು ಅಗಲ ಮಾಡಿತು. ಮೀನುಗಾರಿಕೆ ಬೆಳೆಯಿತು, ಹರಿಗೋಲುಗಳಿಗೆ ಹೊಸ ಕೆಲಸ ಸಿಕ್ಕಿತು. ಅಣೆಕಟ್ಟಿನ ಮೇಲಿನ ರಸ್ತೆ ಗದ್ವಾಲ–ಆತ್ಮಕೂರುಗಳನ್ನು ಬೆಸೆಯಿತು. ಈ ಅಣೆಕಟ್ಟುಗಳಿಗಿಂತ ಬಹಳ ಮೊದಲೇ, ತುಂಗಭದ್ರೆಯ ಮೇಲೆ ಸುಂಕೇಸುಲದಿಂದ ಹೊರಡುವ ಕರ್ನೂಲು–ಕಡಪ ಕಾಲುವೆಯನ್ನು ಮದ್ರಾಸ್ ಇರಿಗೇಷನ್ ಕಂಪನಿ 1860ರ ದಶಕದಲ್ಲಿ ನೀರಾವರಿ ಮತ್ತು ದೋಣಿ ಸಂಚಾರ ಎರಡಕ್ಕೂ ತೋಡಿತ್ತು. ಅಲ್ಲಿ ದೋಣಿಯನ್ನು ಒಂದು ಮಟ್ಟದಿಂದ ಇನ್ನೊಂದಕ್ಕೆ ಒಯ್ಯುವ ಕೆಲಸ ಲಾಕ್‌ಗಳದಾಗಿತ್ತು. ಮುಂದೆ ಕಾಲುವೆ ನೀರಾವರಿಗಷ್ಟೇ ಉಳಿಯಿತು.

ನಡುಗಡ್ಡೆಗಳು

ಸೇತುವೆಗಳು ಬಂದ ಹಾಗೆ ಹರಿಗೋಲಿನ ಹಾದಿ ಕಿರಿದಾಯಿತು. 1871ರಲ್ಲಿ ರೈಲು ಕೃಷ್ಣೆಯನ್ನು ದಾಟಿ ರಾಯಚೂರಿಗೆ ಬಂತು. ನಿಜಾಮರ ಕಾಲದ ಕೊನೆಯಲ್ಲಿ ದೇವಸುಗೂರಿನ ಬಳಿ ಕಮಾನುಗಳ ರಸ್ತೆ ಸೇತುವೆ ಎದ್ದಿತು. ಬೀಚುಪಲ್ಲಿಯಲ್ಲಿ ಹೆದ್ದಾರಿ ನದಿ ದಾಟಿತು. ಹರಿಗೋಲು ಉಳಿದದ್ದು ಸೇತುವೆ ಬಾರದ ನಡುಗಡ್ಡೆಗಳಲ್ಲಿ.

ಇವುಗಳಲ್ಲಿ ಹೆಸರಾದದ್ದು ಕುರುವಪುರ, ಜನರ ಬಾಯಲ್ಲಿ ಕುರುಗಡ್ಡಿ. ದತ್ತ ಸಂಪ್ರದಾಯದ ಶ್ರೀಪಾದ ಶ್ರೀವಲ್ಲಭರ ಕ್ಷೇತ್ರವಾದ ಇದು ರಾಯಚೂರು ತಾಲ್ಲೂಕಿಗೆ ಸೇರಿದೆ. ಒಂದು ದಂಡೆಯಲ್ಲಿ ಕರ್ನಾಟಕದ ಆತ್ಕೂರು, ಇನ್ನೊಂದು ದಂಡೆಯಲ್ಲಿ ಮಕ್ತಲ್ ಮಂಡಲದ ಪಂಚದೇವ ಪಹಾಡ್. ಎರಡೂ ಕಡೆಯಿಂದ ಭಕ್ತರು ಹರಿಗೋಲು, ದೋಣಿಗಳಲ್ಲಿ ಬರುತ್ತಾರೆ. ಮಹಾರಾಷ್ಟ್ರ, ಕರ್ನಾಟಕ, ತೆಲಂಗಾಣಗಳ ಯಾತ್ರಿಕರು ಒಂದೇ ಹರಿಗೋಲಿನಲ್ಲಿ ಕೂತು ದಾಟುವ ಜಾಗ ಇದು. ಹತ್ತಿರದ ಕುರ್ವಕಲಾ, ಕುರ್ವಕುರ್ದಾ ನಡುಗಡ್ಡೆಗಳ ರೈತರಿಗೆ ಬೀಜ, ಗೊಬ್ಬರ, ದಿನಸಿ, ಶಾಲೆ, ಆಸ್ಪತ್ರೆ ಎಲ್ಲಕ್ಕೂ ಹೊಳೆ ದಾಟಬೇಕು. ಜೂರಾಲದ ಕೆಳಗೆ ಗದ್ವಾಲ ಮಂಡಲದ ಗುರ್ರಂಗಡ್ಡದ್ದೂ ಇದೇ ಪಾಡು. ಸೇತುವೆ ಮಂಜೂರಾದ ಮೇಲೂ ಅಲ್ಲಿನ ಜನ ವರ್ಷಗಟ್ಟಲೆ ಪುಟ್ಟಿಯಲ್ಲೇ ದಾಟಿದರು.

ನೆರೆ, ಅಪಘಾತ ಮತ್ತು ಸುರಕ್ಷತೆ

ಮೇಲಿನ ನಾರಾಯಣಪುರ ಅಣೆಕಟ್ಟಿನಿಂದ ನೀರು ಬಿಟ್ಟಾಗ ಕೃಷ್ಣೆಯ ನಡುಗಡ್ಡೆಗಳು ಸಂಪರ್ಕ ಕಳೆದುಕೊಳ್ಳುತ್ತವೆ. ಹರಿಯುವ ನೀರಿನ ಒತ್ತಡ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಸೆಳವು ಎರಡು ಪಟ್ಟಾದರೆ ದೋಣಿಯನ್ನು ತಳ್ಳುವ ಬಲ ನಾಲ್ಕು ಪಟ್ಟು. ಸುತ್ತುವ ಸ್ವಭಾವದ, ಒಂದೇ ಹುಟ್ಟಿನ ಹರಿಗೋಲು ಅದನ್ನು ಮೀರಲಾರದು. 2009ರ ಅಕ್ಟೋಬರ್ ಮೊದಲ ವಾರದ ಮಹಾನೆರೆಯಲ್ಲಿ ಶ್ರೀಶೈಲಕ್ಕೆ ಸುಮಾರು 25 ಲಕ್ಷ ಕ್ಯೂಸೆಕ್ ನೀರು ಹರಿದುಬಂತು. ಅಲಂಪುರ, ಕರ್ನೂಲು, ಮಂತ್ರಾಲಯ ಮುಳುಗಿದವು. 2020ರ ಆಗಸ್ಟಿನಲ್ಲಿ ಪಂಚದೇವ ಪಹಾಡ್ ಕಡೆಯಿಂದ ಕುರ್ವಕಲಾಕ್ಕೆ ಮರಳುತ್ತಿದ್ದವರ ಹರಿಗೋಲು ತುಂಬಿದ ಕೃಷ್ಣೆಯಲ್ಲಿ ಮಗುಚಿ ನಾಲ್ವರು ನೀರುಪಾಲಾದರು. ದಿನಸಿಗೆಂದು ಹೋದವರು ಮನೆಗೆ ಮರಳದಿರುವಂಥ ಸಾವು ಯಾವ ಹಳ್ಳಿಗೂ ಬರಬಾರದು. ಇಂಥವನ್ನು ತಡೆಯಲು ದೊಡ್ಡ ತಂತ್ರಜ್ಞಾನ ಬೇಕಿಲ್ಲ.

ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆ ನೆರೆಯಲ್ಲಿ ಬಳಸುವುದು ಗಾಳಿ ತುಂಬುವ ರಬ್ಬರ್ ದೋಣಿಗಳು. ಮಡಚಿ ಲಾರಿಯಲ್ಲಿ ತಂದು, ದಂಡೆಯಲ್ಲೇ ಗಾಳಿ ತುಂಬಿ, ನಾಲ್ಕಾರು ಜನ ಎತ್ತಿ ನೀರಿಗಿಡುತ್ತಾರೆ. ಇಲ್ಲಿಯೂ ಟ್ರೇಲರ್ ಇಲ್ಲ, ರ‍್ಯಾಂಪ್ ಇಲ್ಲ. ಹರಿಗೋಲಿನದೇ ತರ್ಕ, ವಸ್ತು ಮಾತ್ರ ಬೇರೆ. ಜೊತೆಗೆ ಮೋಟಾರಿನ ಬಲ ಇರುವುದರಿಂದ ಸೆಳವನ್ನು ಎದುರಿಸಬಲ್ಲವು.

ದಿನನಿತ್ಯದ ದಾಟುವಿಕೆಗೆ ಮೂರು ಕ್ರಮಗಳು ಮುಖ್ಯ. ಮೊದಲನೆಯದು, ಹರಿಗೋಲಿನ ಹೊರಗೋಡೆಗೆ ಎದ್ದು ಕಾಣುವ ಬಣ್ಣದಲ್ಲಿ ಭಾರದ ಗೆರೆ ಎಳೆಯುವುದು. ತಳದ ಅಗಲ ಅಳೆದರೆ ಗೆರೆ ಎಲ್ಲಿರಬೇಕೆಂದು ಲೆಕ್ಕ ಹಾಕಬಹುದು, ಗೆರೆ ಮುಳುಗಿದರೆ ಇನ್ನೊಬ್ಬರನ್ನು ಹತ್ತಿಸಬಾರದು. ಎರಡನೆಯದು, ಎಲ್ಲರಿಗೂ ಲೈಫ್ ಜಾಕೆಟ್. ಮನುಷ್ಯನ ಮೈ ನೀರಿಗೆ ಹೆಚ್ಚುಕಡಿಮೆ ಸಮಸಾಂದ್ರ. ಹೀಗಾಗಿ 7 ಕಿಲೊದಷ್ಟು ಹೆಚ್ಚಿನ ಪ್ಲವನ ಬಲ ಕೊಡುವ ಜಾಕೆಟ್ ದೊಡ್ಡವರ ಮುಖವನ್ನು ನೀರಿನ ಮೇಲೆ ಹಿಡಿಯಬಲ್ಲದು. ಮೂರನೆಯದು, ಅಣೆಕಟ್ಟಿನಿಂದ ನೀರು ಬಿಡುವ ಸುದ್ದಿ ಎರಡೂ ರಾಜ್ಯಗಳ ದಂಡೆಯ ಅಂಬಿಗರಿಗೆ ಹೊತ್ತಿಗೆ ಮುಂಚೆ ತಲುಪುವುದು, ನಿಗದಿತ ಮಟ್ಟ ಮೀರಿದ ದಿನ ಹರಿಗೋಲು ದಂಡೆ ಬಿಡದಿರುವುದು. 1917ರ ಕಾನೂನಿನ ಜಾಗಕ್ಕೆ ಬಂದ 2021ರ ಒಳನಾಡು ಹಡಗುಗಳ ಅಧಿನಿಯಮ ಎಂಜಿನ್ ಇಲ್ಲದ ದೋಣಿಗಳನ್ನೂ ಸ್ಥಳೀಯ ಆಡಳಿತದ ದಾಖಲೆಗೆ ತರಲು ಅವಕಾಶ ಕೊಟ್ಟಿದೆ. ಪಂಚಾಯಿತಿಗಳು ಇದನ್ನು ಬಳಸಿಕೊಂಡರೆ ಪ್ರತಿ ಹರಿಗೋಲಿನ ಅಳತೆ, ಭಾರದ ಮಿತಿ, ನಡೆಸುವವರ ಹೆಸರು ದಾಖಲಾಗುತ್ತವೆ.

ಇಂದಿನ ಸ್ಥಿತಿ

ಹಂಪಿ–ಆನೆಗೊಂದಿ ಕಡೆ ಹರಿಗೋಲು ಬಹುಮಟ್ಟಿಗೆ ಪ್ರವಾಸಿಗರ ವಿಹಾರಕ್ಕೆ ತಿರುಗಿದೆ. ಜೂರಾಲ, ಅಲಂಪುರ ಕಡೆ ಅದು ಇನ್ನೂ ದುಡಿಮೆಯ ಸಲಕರಣೆ. ಫೈಬರ್ ದೋಣಿ, ಮೋಟಾರು ದೋಣಿಗಳು ಹೆಚ್ಚುತ್ತಿವೆ. ಅವುಗಳ ತೂಕ ಹೆಚ್ಚಿದಂತೆ ಅವನ್ನು ನೀರಿಗಿಳಿಸುವ ಜಾಗದ ಪ್ರಶ್ನೆಯೂ ಏಳುತ್ತಿದೆ. ಪುಷ್ಕರ ಎಂಬ ನದಿಸ್ನಾನದ ಉತ್ಸವಗಳಿಗೆಂದು, 2016ರಲ್ಲಿ ಕೃಷ್ಣೆಗೂ 2020ರಲ್ಲಿ ತುಂಗಭದ್ರೆಗೂ, ಸಜ್ಜುಗೊಳಿಸಿದ ಸ್ನಾನಘಟ್ಟಗಳು ಮೆಟ್ಟಿಲುಗಳಿಂದಾದವು. ಮೆಟ್ಟಿಲಿನ ಮೇಲೆ ಮನುಷ್ಯರು ಇಳಿಯಬಹುದು, ಗಾಲಿಯ ಮೇಲಿನ ದೋಣಿ ಇಳಿಯಲಾರದು. ಮುಂದೆ ಘಟ್ಟ ಕಟ್ಟುವಾಗ ಮೆಟ್ಟಿಲುಗಳ ಪಕ್ಕದಲ್ಲಿ ಒಂದು ಪಟ್ಟಿಯಷ್ಟು ಒರಟು ಮೈಯ ಇಳಿಜಾರನ್ನು, ಬೇಸಿಗೆಯ ನೀರಿನ ಮಟ್ಟದವರೆಗೂ, ಬಿಟ್ಟರೆ ಮೀನುಗಾರರಿಗೂ ನೆರೆಯ ಹೊತ್ತಿನ ರಕ್ಷಣಾ ದೋಣಿಗಳಿಗೂ ಅದು ನೆರವಾಗುತ್ತದೆ. ಅಂಥ ಇಳಿಜಾರು ಬಂದರೂ ಹರಿಗೋಲಿನ ಕೆಲಸ ಮುಗಿಯುವುದಿಲ್ಲ. ನೀರು ದಿನಕ್ಕೊಂದು ಕಡೆ ಸರಿಯುವ ಈ ದಂಡೆಗಳಲ್ಲಿ ಒಬ್ಬನೇ ಹೊತ್ತು ನಡೆಯಬಲ್ಲ ದೋಣಿಗೆ ಸಾಟಿ ಇನ್ನೂ ಬಂದಿಲ್ಲ. ಅದನ್ನು ಹಳತೆಂದು ಬದಿಗಿಡದೆ, ಅಳತೆ, ಗೆರೆ, ಜಾಕೆಟ್ಟುಗಳ ಶಿಸ್ತು ಕೊಟ್ಟು ಉಳಿಸಿಕೊಳ್ಳುವುದು ಎರಡೂ ರಾಜ್ಯಗಳ ಹೊಣೆ.